ದೂರ ಒಂದೇ, ಹೊತ್ತು ಬೇರೆ

ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಸುಮಾರು 5,540 ಕಿಲೋಮೀಟರ್. ಹೋಗಲು ಏಳು ಗಂಟೆ ಸಾಕು, ವಾಪಸ್ ಬರಲು ಎಂಟರ ಹತ್ತಿರ ಬೇಕು. ಭೂಮಿ ತಿರುಗುತ್ತದಲ್ಲ, ಅದಕ್ಕೇ ಎನ್ನುವವರುಂಟು. ಆದರೆ ಭೂಮಿ ತಿರುಗುವುದು ಪೂರ್ವಕ್ಕೆ. ಆ ಲೆಕ್ಕದಲ್ಲಿ ಪಶ್ಚಿಮಕ್ಕೆ ಹೊರಟ ವಿಮಾನವೇ ಬೇಗ ಮುಟ್ಟಬೇಕಿತ್ತು! ನೆಲದ ಜೊತೆ ಗಾಳಿಯೂ ಸುತ್ತುವುದರಿಂದ ಆ ಲಾಭ ಯಾರಿಗೂ ಇಲ್ಲ. ವ್ಯತ್ಯಾಸ ತರುವುದು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪೂರ್ವದತ್ತ ನುಗ್ಗುವ ಗಾಳಿ, ಅಂದರೆ ಜೆಟ್ ಸ್ಟ್ರೀಮ್.

2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆಂಬಲ ಸಿಕ್ಕ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಇದೇ ದಾರಿಯನ್ನು 4 ಗಂಟೆ 56 ನಿಮಿಷದಲ್ಲಿ ಮುಗಿಸಿತು. ನೆಲದಿಂದ ಅಳೆದರೆ ಒಂದು ಹಂತದಲ್ಲಿ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಹಾಗಾದರೆ ಶಬ್ದವನ್ನೇ ಮೀರಿಸಿತೇ? ಇಲ್ಲ. ಸುತ್ತಲಿನ ಗಾಳಿಯೇ ಓಡುತ್ತಿತ್ತು, ಅದರೊಳಗೆ ವಿಮಾನದ್ದು ಮಾಮೂಲಿ ವೇಗ. ನಿಜಕ್ಕೂ ಶಬ್ದ ಮೀರಿಸುತ್ತಿದ್ದ ಕಾಂಕಾರ್ಡ್ ವಿಮಾನ 1996ರಲ್ಲಿ ಈ ದಾರಿಗೆ ಮೂರು ಗಂಟೆಯನ್ನೂ ತೆಗೆದುಕೊಂಡಿರಲಿಲ್ಲ.