ಹಳೇ ಟ್ರ್ಯಾಕ್ಟರ್ ಬ್ಯಾಟರಿ ಪದೇ ಪದೇ ಇಳೀತಿದೆಯಾ? ಹೊಸದು ತರೋ ಮುಂಚೆ ಇಷ್ಟು ನೋಡಿ

ನಮ್ಮ ಅಳ್ನಾವರ ಕಡೆ ಭತ್ತ ಬಿತ್ತೋಕೆ ಹದ ಸಿಗೋದೇ ಕೆಲವು ದಿನ. ಅಂಥ ಹೊತ್ತಲ್ಲೇ ಒಂದು ವರ್ಷ ನಮ್ಮ ಹಳೇ ಟ್ರ್ಯಾಕ್ಟರ್ ಸೆಲ್ಫ್ ಎತ್ತಲಿಲ್ಲ. ಬ್ಯಾಟರಿ ಹೋಗಿದೆ ಅಂದ್ಕೊಂಡು ಹೊಸದು ತಂದು ಹಾಕಿದೆ. ಹದಿನೈದು ದಿನಕ್ಕೆ ಅದೂ ಕೂತಿತು. ಹಳೇದು ಅಷ್ಟರಲ್ಲಿ ಎಕ್ಸ್‌ಚೇಂಜ್‌ಗೆ ಹೋಗಿಬಿಟ್ಟಿತ್ತು! ದೋಷ ಇದ್ದದ್ದು ಒಂದು ವೈರಿನಲ್ಲಿ. ನೀವು ಹಾಗೆ ಮಾಡಬೇಡಿ. 500 ರೂಪಾಯಿ ಒಳಗೆ ಸಿಗೋ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಹತ್ತು ನಿಮಿಷದಲ್ಲಿ ದೋಷ ಎಲ್ಲಿದೆ ಅಂತ ಗೊತ್ತಾಗ್ತದೆ.

ಮೊದಲು ಜಾಗ್ರತೆ: ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ. ಹೆಗಲ ಮೇಲಿನ ವಲ್ಲಿ ತೆಗೆದಿಡಿ, ಫ್ಯಾನಿಗೆ ಸಿಕ್ಕೀತು. ಬ್ಯಾಟರಿ ಹತ್ತಿರ ಬೀಡಿ, ಕಡ್ಡಿ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಅನಿಲ ಬರ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ.

1. ಕಣ್ಣಿಗೆ ಕಾಣೋದು
ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ, ನೆಗೆಟಿವ್ ಮೊದಲು ಬಿಚ್ಚಿ, ಅಡಿಗೆ ಸೋಡಾ ನೀರಿನಿಂದ ತೊಳೆದು, ಒರೆಸಿ, ಪಾಲಿಶ್ ಪೇಪರಿನಿಂದ ಉಜ್ಜಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗಬಾರದು. ಫ್ಯಾನ್ ಬೆಲ್ಟ್ ನಡುವೆ ಹೆಬ್ಬೆರಳಿನಿಂದ ಒತ್ತಿ: ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ, ಅದಕ್ಕಿಂತ ಸಡಿಲ ಇದ್ದರೆ ಜಾರ್ತದೆ. ಚಾಸಿಗೆ ಹೋಗೋ ಅರ್ಥ್ ವೈರ್ ಬೋಲ್ಟನ್ನೂ ಬಿಗಿ ಮಾಡಿ.

2. ಎಂಜಿನ್ ಬಂದ್ ಇದ್ದಾಗ
ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿ ಮೇಲೆ ನೋಡಿ. 12.6 ಇದ್ದರೆ ತುಂಬಿದೆ. 12ರ ಆಸುಪಾಸು ಇದ್ದರೆ ಬಹಳ ಖಾಲಿ. ಮೊದಲು ಹೊರಗೆ ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಪರೀಕ್ಷೆ.

3. ಎಂಜಿನ್ ಚಾಲೂ ಇದ್ದಾಗ
ಸ್ವಲ್ಪ ರೇಸ್ ಕೊಡಿ. ತೀರಾ ಹಳೇ ಡೈನಮೋ ನಿಧಾನಕ್ಕೆ ತಿರುಗುವಾಗ ಸಾಕಷ್ಟು ಕರೆಂಟ್ ಕೊಡೋದಿಲ್ಲ.
• 13.8ರಿಂದ 14.5: ಚಾರ್ಜಿಂಗ್ ಸರಿ ಇದೆ. ಆದರೂ ಇಳೀತಿದ್ದರೆ ರಾತ್ರಿ ನೆಗೆಟಿವ್ ಬಿಚ್ಚಿಡಿ. ಬೆಳಿಗ್ಗೆ ವೋಲ್ಟ್ ಹಾಗೇ ಇದ್ದರೆ ಗಾಡಿಯ ವೈರಿಂಗ್‌ನಲ್ಲಿ ಸೋರಿಕೆ. ಬಿಚ್ಚಿಟ್ಟರೂ ಇಳಿದಿದ್ದರೆ ಬ್ಯಾಟರಿಯೇ ಹೋಗಿದೆ.
• 15ಕ್ಕಿಂತ ಹೆಚ್ಚು: ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ನೀರು ಬೇಗ ಬೇಗ ಇಂಗ್ತದೆ.
• 12.6 ದಾಟೋದೇ ಇಲ್ಲ: ಚಾರ್ಜ್ ಬರ್ತಿಲ್ಲ. ಮುಂದೆ ನೋಡಿ.

4. ಆಲ್ಟರ್ನೇಟರ್ರೋ, ವೈರೋ?
ಎಂಜಿನ್ ಓಡ್ತಿರುವಾಗಲೇ ಆಲ್ಟರ್ನೇಟರಿನ ದಪ್ಪ ವೈರ್ ಟರ್ಮಿನಲ್‌ಗೆ ಮೀಟರಿನ ಕೆಂಪು ಮುಳ್ಳು, ಬ್ಯಾಟರಿ ನೆಗೆಟಿವ್‌ಗೆ ಕಪ್ಪು ಮುಳ್ಳು ಹಿಡಿಯಿರಿ. ಕೆಂಪು ಮುಳ್ಳು ಬಾಡಿಗೆ ತಾಗದಂತೆ ನೋಡ್ಕೊಳ್ಳಿ. ನನ್ನ ಗಾಡಿಯಲ್ಲಿ ಅಲ್ಲಿ 14.3, ಬ್ಯಾಟರಿ ಮೇಲೆ 12.2 ಇತ್ತು. ಅಂದ್ರೆ ಕರೆಂಟ್ ತಯಾರಾಗ್ತಿದೆ, ದಾರಿಯಲ್ಲಿ ನಿಲ್ತಿದೆ. ಪ್ಲಾಸ್ಟಿಕ್ ಕವರಿನ ಒಳಗೆ ವೈರ್ ಕೊಳೆತು ಹೋಗಿತ್ತು. ಹೊಸ ವೈರ್ ಹಾಕಿದ ಮೇಲೆ ಸರಿಯಾಯ್ತು.

ಎರಡೂ ಕಡೆ ಕಡಿಮೆ ಇದ್ದರೆ ಕೀ ಆನ್ ಮಾಡಿ ಕೆಂಪು ಚಾರ್ಜಿಂಗ್ ದೀಪ ನೋಡಿ. ಕೀ ಆನ್ ಇದ್ದಾಗ ಹತ್ತಬೇಕು, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಹತ್ತೋದೇ ಇಲ್ಲ ಅಂದ್ರೆ ಮೊದಲು ಫ್ಯೂಸ್, ಬಲ್ಬ್ ನೋಡಿ. ಎಷ್ಟೋ ಆಲ್ಟರ್ನೇಟರುಗಳಿಗೆ ಶುರುವಿನ ಕರೆಂಟ್ ಹೋಗೋದೇ ಆ ಬಲ್ಬಿನ ಮೂಲಕ! ಬಲ್ಬ್ ಸರಿ ಇದ್ದರೆ ಕಾರ್ಬನ್ ಬ್ರಶ್, ರೆಗ್ಯುಲೇಟರ್ ಸರದಿ. ಅದನ್ನು ಎಲೆಕ್ಟ್ರಿಷಿಯನ್ ಬಿಚ್ಚಲಿ.

ಇದೊಂದು ಮಾತ್ರ ಬೇಡ
ಚಾರ್ಜ್ ಆಗ್ತಿದೆಯೋ ಇಲ್ಲವೋ ನೋಡೋಕೆ, ಎಂಜಿನ್ ಓಡ್ತಿರುವಾಗಲೇ ಬ್ಯಾಟರಿ ವೈರ್ ಕೀಳೋರಿದ್ದಾರೆ. ಆಲ್ಟರ್ನೇಟರ್ ಇರೋ ಗಾಡಿಯಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ ಡಯೋಡ್ ಸುಡಬಹುದು. ಸರಿ ಇದ್ದದ್ದೂ ಕೆಡ್ತದೆ.

ಮಳೆಗಾಲಕ್ಕೆ ಒಂದು ತಿಂಗಳು ಮೊದಲೇ ಈ ಪರೀಕ್ಷೆ ಮಾಡಿ, ಬಂದ ವೋಲ್ಟ್ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಮುಂದೆ ತೊಂದರೆ ಬಂದಾಗ ಎಲೆಕ್ಟ್ರಿಷಿಯನ್‌ಗೆ ತೋರಿಸಿದರೆ ಅವರ ಕೆಲಸ ಅರ್ಧ ಮುಗಿದಂತೆ.