ನಕ್ಷೆಯಲ್ಲಿ ಗೋಮಾಳ ಎಲ್ಲಿದೆ?



ನಮ್ಮ ಶ್ರೀನಿವಾಸಪುರ ಇರುವ ಸರ್ವೆ ನಕ್ಷೆಯ ನಂಬರು 57 ಕೆ/3. ಇಂಥ ನಕ್ಷೆಗೆ ಟೋಪೋಶೀಟ್ ಅಂತಾರೆ. ಮಾಡುವವರು ಭಾರತೀಯ ಸರ್ವೇಕ್ಷಣಾ ಇಲಾಖೆಯವರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಾಲಿನ್ ಮೆಕೆಂಜಿ ಎಂಬ ಅಧಿಕಾರಿ ಮೈಸೂರು ಸೀಮೆಯ ಅಳತೆಗೆ ತೊಡಗಿದನು. ಆಮೇಲೆ ಬಂದ ಹಳೇ ಶೀಟುಗಳಲ್ಲಿ ಒಂದು ಇಂಚು ಅಂದರೆ ನೆಲದ ಮೇಲೆ ಒಂದು ಮೈಲಿ. ಮೆಟ್ರಿಕ್ ಬಂದ ಮೇಲೆ 2 ಸೆಂಟಿಮೀಟರಿಗೆ 1 ಕಿಲೋಮೀಟರ್ ಆಯಿತು.

ಇದನ್ನು ಓದೋದು ಕಷ್ಟವೇನಲ್ಲ. ಕಂದು ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಕೂಡಿಸುತ್ತವೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 20 ಮೀಟರ್ ಏರಿಕೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಬೆಟ್ಟ, ದೂರ ದೂರ ಇದ್ದರೆ ಬಯಲು. ಹಳದಿ ಬಣ್ಣ ಉಳುವ ಹೊಲ. ನೀಲಿ ನೀರು. ಆದರೆ ಮಳೆ ಬಂದಾಗ ಮಾತ್ರ ಹರಿಯೋ ಹಳ್ಳವನ್ನು ಕಪ್ಪು ಗೆರೆಯಲ್ಲಿ ಬರೀತಾರೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಕೋಲಾರ ಜಿಲ್ಲೆಗೆ ಈ ಕಪ್ಪು ಶಾಯಿಯೇ ಜಾಸ್ತಿ ಬೇಕು!

ನಮ್ಮ ಮನೇಲಿ ಕುರಿ ಇವೆ. ಅದಕ್ಕೇ ನಾನು ಮೇವಿನ ಜಾಗ ಯಾವುದು ಅಂತ ಮೊದಲು ಹುಡುಕಿದೆ. ಟೋಪೋಶೀಟಿನಲ್ಲಿ ಕುರುಚಲು ಗಿಡದ ಬಯಲಿಗೆ 'ಓಪನ್ ಸ್ಕ್ರಬ್' ಅಂತ ಹಾಕಿರ್ತಾರೆ. ಅಷ್ಟು ನೋಡಿ ಅದು ಗೋಮಾಳ ಅನ್ನೋಕಾಗಲ್ಲ. ಅಲ್ಲಿ ಏನು ಬೆಳೆದಿದೆ ಅಂತ ಈ ನಕ್ಷೆ ಹೇಳುತ್ತೆ, ಜಾಗ ಯಾರದು ಅಂತ ಹೇಳಲ್ಲ. ಅದಕ್ಕೆ ಸರ್ವೆ ನಂಬರ್ ಇರುವ ಗ್ರಾಮ ನಕ್ಷೆ, ಪಹಣಿ ಬೇಕು. ಗೋಮಾಳವಾದರೆ ಪಹಣಿಯಲ್ಲಿ 'ಸರ್ಕಾರಿ ಗೋಮಾಳ' ಅಂತ ಬರೆದಿರುತ್ತೆ.

1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಪುಕ್ಕಟೆ ಮೇಯಲು ಬಿಡಬೇಕು. ಲೆಕ್ಕ ಹಾಕಿ ನೋಡಿ. ಟೋಪೋಶೀಟಿನ ಒಂದು ಚದರ ಸೆಂಟಿಮೀಟರ್ ಅಂದರೆ ನೆಲದಲ್ಲಿ 25 ಹೆಕ್ಟೇರ್. ನೂರು ದನದ ಗೋಮಾಳ ಅದರಲ್ಲಿ ಅರ್ಧವೂ ಇಲ್ಲ, ಕಿರುಬೆರಳ ಉಗುರಿನಷ್ಟು. ಅಷ್ಟು ಚಿಕ್ಕದು ಒತ್ತುವರಿಯಾದರೆ ಈ ನಕ್ಷೆಯಲ್ಲಿ ಯಾರ ಕಣ್ಣಿಗೂ ಬೀಳಲ್ಲ.

ಹಾಗಂತ ಹಳೇ ಶೀಟು ದಂಡ ಅಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂದು ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ನೀಲಗಿರಿ ಎದ್ದಿತು. ಅದಕ್ಕೆ ಮುಂಚಿನ ಶೀಟನ್ನೂ ಆಮೇಲಿನದನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಿ ಕುರುಚಲು ಹೋಗಿ ಮರ ಬಂತು ಅಂತ ಗೊತ್ತಾಗುತ್ತೆ. ನಕ್ಷೆಯಲ್ಲಿ ಅದು ಚೆಂದದ ಹಸಿರು. ಕುರಿಗಳು ಮಾತ್ರ ನೀಲಗಿರಿ ಸೊಪ್ಪಿಗೆ ಬಾಯಿ ಹಾಕಲ್ಲ.