ವಾನಮೇಕರ್ ಅಂಗಳದಲ್ಲಿ ಒಂದು ಮಧ್ಯಾಹ್ನ

ಫಿಲಡೆಲ್ಫಿಯಾದ ಸಿಟಿ ಹಾಲ್ ಪಕ್ಕದ ಹನ್ನೆರಡು ಅಂತಸ್ತಿನ ಕಲ್ಲುಕಟ್ಟಡದಲ್ಲಿ ಅಂದು ಎಲ್ಲೆಲ್ಲೂ 'ಅಂಗಡಿ ಮುಚ್ಚುತ್ತಿದೆ' ಎಂಬ ಫಲಕವಿತ್ತು. 2025ರ ಮಾರ್ಚ್ 23 ಕೊನೆಯ ದಿನವಾಗಿತ್ತು. ಬೋರ್ಡಿನ ಮೇಲೆ ಮಳಿಗೆ ಸರಣಿ ಮೇಸಿಸ್‌ನ ಹೆಸರಿತ್ತಾದರೂ ಊರಿನ ಹಿರಿಯರಿಗೆ ಇದು ಇಂದಿಗೂ ವಾನಮೇಕರ್.

ಬರಿದಾಗುತ್ತಿದ್ದ ಸ್ಟ್ಯಾಂಡುಗಳ ಸಾಲು ದಾಟಿದರೆ ಏಳು ಅಂತಸ್ತಿನಷ್ಟು ಎತ್ತರದ ಅಂಗಳ, ಸುತ್ತ ಅಮೃತಶಿಲೆಯ ಕಮಾನುಗಳು. ನಡುವೆ ಒಂದು ಟನ್ನಿಗೂ ಹೆಚ್ಚು ತೂಗುವ ಕಂಚಿನ ಹದ್ದು. ಹತ್ತಿರ ನಿಂತು ನೋಡಿದೆ, ಗರಿಗಳನ್ನು ಬಿಡಿಬಿಡಿಯಾಗಿ ಮಾಡಿ ಜೋಡಿಸಿದ್ದಾರೆ. 'ಹದ್ದಿನ ಹತ್ತಿರ ಸಿಗೋಣ' ಎಂದು ಹೇಳಿಕೊಂಡೇ ಇಲ್ಲಿನವರು ತಲೆಮಾರುಗಳಿಂದ ಪೇಟೆಗೆ ಬಂದಿದ್ದಾರೆ.

1861ರಲ್ಲಿ ಗಂಡಸರ ಉಡುಪಿನ ಅಂಗಡಿ ಇಟ್ಟ ಜಾನ್ ವಾನಮೇಕರ್, 1876ರಲ್ಲಿ ಹಳೆಯ ರೈಲ್ವೆ ಗೂಡ್ಸ್ ಶೆಡ್ಡನ್ನೇ ದೊಡ್ಡ ಮಳಿಗೆ ಮಾಡಿದರು. ಚೌಕಾಸಿಯೇ ರೂಢಿಯಾಗಿದ್ದ ಕಾಲದಲ್ಲಿ ಬೆಲೆಚೀಟಿ ಅಂಟಿಸಿ ಎಲ್ಲರಿಗೂ ಒಂದೇ ದರ ಎಂದರು; ಮಾಲು ಹಿಡಿಸದಿದ್ದರೆ ಹಣ ವಾಪಸ್. ಅದೇ ಜಾಗದಲ್ಲಿ ಎದ್ದ ಈ ಕಟ್ಟಡವನ್ನು 1911ರಲ್ಲಿ ಅಮೆರಿಕದ ಅಧ್ಯಕ್ಷ ಟಾಫ್ಟ್ ಉದ್ಘಾಟಿಸಿದರು.

ಮಧ್ಯಾಹ್ನ ಹನ್ನೆರಡಕ್ಕೆ ಪೈಪ್ ಆರ್ಗನ್ ಮೊಳಗಿತು. ಮಂದ್ರದ ಸ್ವರ ಅಂಗಾಲಿಗೂ ತಾಗಿತು. ಬಿಲ್ ಮಾಡಿಸಲು ನಿಂತವರೂ ತಲೆಯೆತ್ತಿ ಕೇಳಿದರು. 1904ರ ಸೇಂಟ್ ಲೂಯಿಸ್ ವಿಶ್ವಮೇಳಕ್ಕೆಂದು ಮಾಡಿದ ಈ ವಾದ್ಯ 13 ರೈಲು ವ್ಯಾಗನ್‌ಗಳಲ್ಲಿ ಬಂದಿತ್ತು. ಸುಮಾರು 10,000 ಕೊಳವೆಗಳಿದ್ದರೂ ಈ ಅಂಗಳಕ್ಕೆ ಅದರ ದನಿ ಸಾಲಲಿಲ್ಲ. ಅಂಗಡಿಯೊಳಗೇ ಕಾರ್ಖಾನೆ ತೆರೆದು ಬೆಳೆಸಿದರು. ಈಗ ಕೊಳವೆಗಳು 28,750. ಬಟ್ಟೆ ಮಾರುವವರು ಸಂಗೀತಕ್ಕೆ ಇಷ್ಟು ಸುರಿದರಲ್ಲ, ಈ ಅಂಗಡಿಯ ನಿಜವಾದ ಸಿರಿ ನನಗೆ ಕಂಡದ್ದು ಅಲ್ಲಿಯೇ.

ಆದರೆ ಆ ಸಿರಿ ಅಂಗಡಿಯನ್ನು ಉಳಿಸಲಿಲ್ಲ. ಎರಡನೇ ಮಹಾಯುದ್ಧದ ನಂತರ ಕಾರು ಕೊಂಡ ಮಧ್ಯಮವರ್ಗ ಹೊರವಲಯಕ್ಕೆ ಹೋಯಿತು, ಹಿಂದೆಯೇ ಮಾಲ್‌ಗಳು ಹೋದವು. ವಾನಮೇಕರ್ ಕೂಡ ಅಲ್ಲಿ ಶಾಖೆ ತೆರೆದು, ತನ್ನ ಗಿರಾಕಿಗಳನ್ನು ತಾನೇ ಪೇಟೆಯಿಂದ ದೂರ ಕಳಿಸಿತು. 1978ರಲ್ಲಿ ಮನೆತನದ ಕೈತಪ್ಪಿತು, 1986ರಲ್ಲಿ ಮತ್ತೆ ಮಾರಾಟವಾಯಿತು, 1995ರಲ್ಲಿ ಹೆಸರೂ ಹೋಯಿತು. ಮೇಲಿನ ಅಂತಸ್ತುಗಳು ಕಚೇರಿಗಳಾದವು. 2006ರಲ್ಲಿ ಬಂದ ಮೇಸಿಸ್‌ಗೆ ಮೂರು ಅಂತಸ್ತೇ ಸಾಕಾಯಿತು; ಆಮೇಲೆ ಆನ್‌ಲೈನ್ ಖರೀದಿ ಅದನ್ನೂ ಸೊರಗಿಸಿತು.

ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಸ್ಮಾರಕ, ಅಂಗಳ ನಗರದ ಪಾರಂಪರಿಕ ಪಟ್ಟಿಯಲ್ಲಿದೆ. ಹಾಗಾಗಿ ಗೋಡೆಗಳಿಗೆ ಭಯವಿಲ್ಲ. ಮೇಲೆ ಮನೆಗಳು ಬರಲಿ, ಕೆಳಗೆ ಹೊಸ ಅಂಗಡಿಗಳು ಬರಲಿ. ಆದರೆ ನೂರಕ್ಕೂ ಹೆಚ್ಚು ವರ್ಷ ಒಂದು ಗುಂಡಿಯನ್ನೂ ಕೊಳ್ಳದವರು ಸಹ ಇಲ್ಲಿ ಕೂತು ಸಂಗೀತ ಕೇಳಿದ್ದಾರೆ. ಮಾಲೀಕರು ಈ ಅಂಗಳವನ್ನೂ ಆರ್ಗನ್ನನ್ನೂ ಎಲ್ಲರಿಗೂ ಹಾಗೆಯೇ ತೆರೆದಿಡಬೇಕು.